ಸಪ್ಪಳ ನಿಲ್ಲಿಸದ ನಮ್ಮ ಮೇಡಂ

ಸೀರೆಯ ನೆರಿಗೆಯ ಕೆಳಗೆ ಗಂಡಸರ ಕಪ್ಪು ಚರ್ಮದ ಬೂಟು. ನಮ್ಮ ಮೇಡಂ ಅಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಅದು. ಬೂಟಿನ ಮೂತಿ ಗ್ರೀಸು ಕುಡಿದು ಬೂದುಬಣ್ಣಕ್ಕೆ ತಿರುಗಿತ್ತು. ಎಡಗಾಲಿನದರ ಮೇಲೆ ಕಬ್ಬಿಣದ ಪ್ಲೇಟು ಬಿದ್ದು ಆದ ಗೀರೊಂದು ಅಡ್ಡಕ್ಕೆ ಉಳಿದಿತ್ತು. ಹೆಂಗಸರ ಅಳತೆಯಲ್ಲಿ ಅಂಥ ಬೂಟು ಯಾದಗಿರಿಯ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಕೊಳ್ಳಲು ಹೋದಾಗ ಅಂಗಡಿಯವನು ಯಜಮಾನರ ಕಾಲಿನ ಅಳತೆ ಕೇಳಿದನಂತೆ. ಇವರು ಉತ್ತರ ಕೊಡದೆ ತಮ್ಮ ಚಪ್ಪಲಿ ಕಳಚಿ, ಬೂಟಿನ ತುದಿಗೆ ಅರಳೆ ತುರುಕಿ, ಹಾಕಿಕೊಂಡು ಅಲ್ಲಿಂದಲೇ ಬಸ್‌ಸ್ಟ್ಯಾಂಡಿಗೆ ನಡೆದರಂತೆ. ಇದನ್ನು ಅವರೇ ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿದ್ದರು. ಹೇಳುವಾಗ ನಗಲಿಲ್ಲ. ನಕ್ಕವರು ನಾವು.

ನಾನು ಗೋಗಿಯವಳು. ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗುತ್ತಿದ್ದರು. ಹತ್ತನೆಯದು ಮುಗಿದ ಮೇಲೆ ನನಗೆ ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಸೀಟು ಸಿಕ್ಕಿತು. ದಿನಾ ಬೆಳಿಗ್ಗೆ ಶೇರ್ ಆಟೋದಲ್ಲಿ ಶಹಾಪುರಕ್ಕೆ, ಅಲ್ಲಿಂದ ಸುರಪುರದ ಬಸ್ಸು ಹಿಡಿದು ಕಾಲೇಜಿಗೆ. ನಮ್ಮ ವಿಭಾಗದಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟು. ಪಾಠ ಮಾಡುವವರಲ್ಲಿ ಹೆಂಗಸು ಅವರೊಬ್ಬರೇ. ಹಾಗಾಗಿ ಅವರನ್ನು ಹೆಸರು ಹಿಡಿದು ಕರೆಯುವ ಅಗತ್ಯವೇ ಇರಲಿಲ್ಲ. ಮೇಡಂ ಎಂದರೆ ಅವರೇ.

ಮೊದಲ ಪ್ರಾಕ್ಟಿಕಲ್ ದಿನ ನಮ್ಮ ಮುಂದೆ ಎರಡು ಉಕ್ಕಿನ ಪ್ಲೇಟು, ಒಂದು ಬೋಲ್ಟು, ಒಂದು ನಟ್ಟು, ನಟ್ಟು ತಿರುಗಿಸುವ ಒಂದು ಪಾನಾ ಇಟ್ಟು, ಯಾರಾದರೂ ಬಂದು ಬಿಗಿ ಮಾಡಿ ಎಂದರು. ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ಹೋಗಿ ಕತ್ತಿನ ನರ ಉಬ್ಬುವಂತೆ ತಿರುಗಿಸಿ, "ಗಟ್ಟಿ ಆತ್ರಿ ಮೇಡಂ" ಎಂದ.

"ಎಷ್ಟೊತ್ತಿನ ತನಕ ಗಟ್ಟಿ?" ಎಂದರು.

ಅವನು ಪಾನಾ ಕೆಳಗಿಟ್ಟ. ಗಟ್ಟಿ ಎನ್ನುವುದಕ್ಕೆ ಹೊತ್ತಿನ ಲೆಕ್ಕ ಇರುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಅವರು ಲ್ಯಾಬಿನ ಮೂಲೆಯಲ್ಲಿ ಒಂದು ಯಂತ್ರ ಕಟ್ಟಿಕೊಂಡಿದ್ದರು. ನಮಗಿಂತ ಮುಂಚಿನ ಹುಡುಗರನ್ನು ಹಚ್ಚಿಕೊಂಡು, ಗುಜರಿಯಿಂದ ಆರಿಸಿ ತಂದ ಸಾಮಾನಿನಿಂದ ಮಾಡಿದ್ದು. ಹಿಟ್ಟಿನ ಗಿರಣಿಯ ಹಳೆಯ ಮೋಟಾರು. ಅದಕ್ಕೆ ನಡುಬಿಂದು ತಪ್ಪಿಸಿ ಕೂಡಿಸಿದ ಒಂದು ಚಕ್ರ. ಆ ಚಕ್ರ ತಿರುಗಿದಾಗಲೆಲ್ಲ ಮೇಲಿನ ಪ್ಲೇಟು ಕೂದಲೆಳೆಯಷ್ಟು ಅತ್ತ ಇತ್ತ ಸರಿಯುತ್ತಿತ್ತು. ಕೆಳಗಿನ ಪ್ಲೇಟು ಕದಲುತ್ತಿರಲಿಲ್ಲ. ಎರಡನ್ನೂ ಹಿಡಿದಿಟ್ಟ ಬೋಲ್ಟಿನ ತಲೆಯ ಕೆಳಗೆ ಒತ್ತಡ ಅಳೆಯುವ ಒಂದು ಉಂಗುರ. ಅದರ ವೈರು ಆಫೀಸಿನವರು ಬೇಡವೆಂದು ಬಿಟ್ಟ ಕಂಪ್ಯೂಟರಿಗೆ ಹೋಗುತ್ತಿತ್ತು. ಬೋಲ್ಟು ಎಷ್ಟು ಬಲದಿಂದ ಪ್ಲೇಟುಗಳನ್ನು ಒತ್ತಿ ಹಿಡಿದಿದೆ ಎನ್ನುವುದು ತೆರೆಯ ಮೇಲೆ ಒಂದು ಹಸಿರು ಗೆರೆಯಾಗಿ ಕಾಣುತ್ತಿತ್ತು.

ಬೋಲ್ಟನ್ನು ಬಿಗಿ ಮಾಡಿದಾಗ ಅದು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಹಿಗ್ಗಿದ್ದು ತಿರುಗಿ ಕುಗ್ಗಲು ಹವಣಿಸುತ್ತದೆ, ಆ ಹವಣಿಕೆಯೇ ಎರಡು ಪ್ಲೇಟುಗಳನ್ನು ಕೂಡಿಸಿ ಹಿಡಿಯುವುದು ಎಂದು ಅವರು ವಿವರಿಸಿದರು. ಅದೇ ಹುಡುಗನ ಕೈಯಿಂದ ಯಂತ್ರದಲ್ಲೂ ಒಂದು ಬೋಲ್ಟು ಬಿಗಿ ಮಾಡಿಸಿದರು. ಮೋಟಾರು ಹಚ್ಚಿದರು. ನಮ್ಮ ಹುಡುಗ ನರ ಉಬ್ಬಿಸಿ ಬಿಗಿ ಮಾಡಿದ ಬೋಲ್ಟಿನ ಗೆರೆ ಮೊದಲು ಸ್ವಲ್ಪ ಇಳಿಯಿತು, ಆಮೇಲೆ ಇನ್ನಷ್ಟು, ಆಮೇಲೆ ದಡದಡ ಇಳಿದು ನೆಲ ಮುಟ್ಟಿತು. ಯಾರೂ ಮುಟ್ಟದ ನಟ್ಟು ತಾನಾಗಿಯೇ ಹಿಂದಕ್ಕೆ ತಿರುಗುತ್ತಿದ್ದುದನ್ನು ನಾವು ಕಣ್ಣಾರೆ ನೋಡಿದೆವು. ಸ್ಪ್ರಿಂಗ್ ವಾಷರ್ ಹಾಕಿದರೆ ಸರಿಹೋಗುತ್ತದೆ ಎಂದು ಒಬ್ಬ ಹೇಳಿದ. ಹಾಕಿ ನೋಡು ಎಂದರು. ಹಾಕಿದ. ಗೆರೆ ಹೆಚ್ಚುಕಡಿಮೆ ಹಾಗೆಯೇ ಇಳಿಯಿತು.

ಬಳಿಚಕ್ರ ಮೇಡಂ ಅವರ ಊರು. ತಂದೆ ರೈಲ್ವೆಯಲ್ಲಿ ಹಳಿ ಕಾಯುವ ಕೆಲಸದಲ್ಲಿದ್ದರು. ಹೆಗಲ ಮೇಲೆ ಸುತ್ತಿಗೆ, ಉದ್ದನೆಯ ಪಾನಾ ಹೊತ್ತು, ಯಾದಗಿರಿಯ ಆಚೆ ಈಚೆ ಹಳಿಯ ಗುಂಟ ನಡೆಯುತ್ತ, ಎರಡು ಹಳಿ ಕೂಡುವಲ್ಲಿನ ಬೋಲ್ಟುಗಳನ್ನು ಮುಟ್ಟಿ ನೋಡಿ ಬಿಗಿ ಮಾಡುವುದು ಅವರ ಕೆಲಸ. ನಿನ್ನೆ ಬಿಗಿ ಮಾಡಿದ್ದನ್ನೇ ಇವತ್ತೂ ಯಾಕೆ ಮಾಡುತ್ತಿ ಎಂದು ಮಗಳು ಸಣ್ಣವಳಿದ್ದಾಗ ಕೇಳಿದ್ದಳಂತೆ. "ರೈಲು ದಿನಾ ಬರ್ತದಲ್ಲವ್ವ" ಎಂದಿದ್ದರಂತೆ ತಂದೆ. ಮೇಡಂ ಈ ಮಾತನ್ನು ಹೇಳುವಾಗ ದನಿ ತಗ್ಗುತ್ತಿತ್ತು.

ಅವರು ಯಾದಗಿರಿಯಿಂದ ಬರುತ್ತಿದ್ದ ಬಸ್ಸಿನಲ್ಲಿ ಅವರ ಪಕ್ಕ ಕುಳಿತರೆ ಮಾತು ಕಡಿಮೆ. ಕಿಟಕಿಯ ಚೌಕಟ್ಟು, ಸೀಟಿನ ಕಾಲು, ಹಿಂದಿನ ಬಾಗಿಲು ಎಲ್ಲಿ ಅಲುಗುತ್ತಿದೆ ಎಂದು ಕಿವಿಗೊಟ್ಟು ಕೂತಿರುತ್ತಿದ್ದರು. ಅವರ ಕೈಚೀಲದಲ್ಲಿ ರೊಟ್ಟಿಯ ಡಬ್ಬಿಯ ಜೊತೆಗೊಂದು ಸಣ್ಣ ಪಾನಾ ಇರುತ್ತಿತ್ತು. ಒಮ್ಮೆ ಕಂಡಕ್ಟರನಿಗೆ ಹೇಳಿ, ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ತಾವೇ ಬಾಗಿ ಮುಂದಿನ ಸೀಟಿನ ಬೋಲ್ಟು ಬಿಗಿ ಮಾಡಿದ್ದರು. ಕಂಡಕ್ಟರ್ ಮುಜುಗರಪಟ್ಟುಕೊಂಡು, ಡಿಪೋದಾಗ ಹೇಳ್ತೀನಿ ಬಿಡ್ರಿ ಎಂದ. ಡಿಪೋದಲ್ಲಿ ಹೇಳಿ, ಈಗ ಇದರ ಮೇಲೆ ಕೂಸು ಹಿಡಿದುಕೊಂಡವರು ಕುಂತಾರಲ್ಲ ಎಂದರು ಇವರು, ಮೆತ್ತಗೆ.

ನಾನು ಎರಡನೆಯ ವರ್ಷದಲ್ಲಿದ್ದಾಗ ನಮ್ಮ ಮನೆಯ ಮೇಲೆ ಆ ಸಂಕಟ ಬಂತು.

ನನ್ನ ಅಣ್ಣ ಕಾಳು ಬಡಿದು ಬೇರೆ ಮಾಡುವ ರಾಶಿ ಮಷಿನ್ನಿನ ಮೇಲೆ ಕೆಲಸಕ್ಕಿದ್ದ. ತೊಗರಿ ಕೊಯ್ಲಿನ ಕಾಲದಲ್ಲಿ ಆ ಮಷಿನ್ನು ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಹೋಗುತ್ತಿರುತ್ತದೆ. ಟ್ರ್ಯಾಕ್ಟರಿಗೆ ಕೂಡಿಸಿ ಓಡಿಸುವವನು ಅಣ್ಣ. ಮಾಲಕರು ಬೇರೆ. ಅವತ್ತು ನಮ್ಮೂರಿನಾಚೆಯ ಹೊಲದಲ್ಲಿ ರಾಶಿ ನಡೆದಿತ್ತು. ಬೆಲ್ಟಿಗೆ ಮುಚ್ಚಿದ ತಗಡಿನ ಬೋಲ್ಟುಗಳು ಸಡಿಲಾಗಿ, ಮುಚ್ಚಳ ಒಂದು ಕಡೆ ಕಳಚಿ ಬಿತ್ತು. ಪಕ್ಕದಲ್ಲಿ ಬಾಗಿ ಕಾಳು ಬಳಿಯುತ್ತಿದ್ದ ದೇವಮ್ಮನ ಸೆರಗು ಬೆಲ್ಟಿಗೆ ಸಿಕ್ಕಿತು. ಸೆರಗು ಬಿಡಿಸಿಕೊಳ್ಳಲು ಹೋದ ಕೈಯನ್ನೂ ಬೆಲ್ಟು ಎಳೆದುಕೊಂಡಿತು. ಅಣ್ಣ ಎಂಜಿನ್ ಬಂದ್ ಮಾಡಿ ಇಳಿದು ಓಡುವಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ಅವಳ ಬಲಗೈಯನ್ನು ಮೊಣಕೈ ಕೆಳಗೆ ತೆಗೆದರು.

ದೇವಮ್ಮ ನಮ್ಮ ಪಕ್ಕದ ಓಣಿಯವಳೇ. ನನ್ನ ಅವ್ವನ ಜೊತೆ ಕಳೆ ತೆಗೆಯಲು ಹೋಗುತ್ತಿದ್ದವಳು. ಅವ್ವ ಅವತ್ತಿನಿಂದ ಅವರ ಮನೆಯ ಮುಂದೆ ಹಾಯುವುದನ್ನೇ ಬಿಟ್ಟಳು.

ಪೊಲೀಸರು ಅಣ್ಣನ ಮೇಲೆ ಕೇಸು ಹಾಕಿದರು. ಮುಂಜಾನೆ ಮಷಿನ್ ಹಚ್ಚುವ ಮುಂಚೆ ಬೋಲ್ಟು ಬಿಗಿ ಮಾಡುವುದು ಅವನ ಕೆಲಸ, ಅವನು ಮಾಡಿಲ್ಲ ಎಂದು ಮಾಲಕರು ಬರೆಸಿದ್ದರು. ಮಷಿನ್ನು ತಯಾರಿಸಿದ ವರ್ಕ್‌ಶಾಪಿನವರೂ ಅದನ್ನೇ ಹೇಳಿದರು. ತಾನು ಬಿಗಿ ಮಾಡಿದ್ದೆ ಎಂದು ಅಣ್ಣ ಅವ್ವನ ತಲೆ ಮುಟ್ಟಿ ಹೇಳಿದ. ಅವನ ಮಾತಿಗೆ ಸಾಕ್ಷಿ ಇರಲಿಲ್ಲ.

ತನಿಖೆ ಮಾಡುತ್ತಿದ್ದ ಸಬ್‌ಇನ್ಸ್‌ಪೆಕ್ಟರ್ ನಮ್ಮ ಕಾಲೇಜಿಗೆ ಬಂದು ತಾಂತ್ರಿಕ ಅಭಿಪ್ರಾಯ ಕೇಳಿದರು. ಪ್ರಿನ್ಸಿಪಾಲರು ಅದನ್ನು ಮೇಡಂಗೆ ಒಪ್ಪಿಸಿದರು. ಆ ಮಧ್ಯಾಹ್ನವೇ ಮೇಡಂ ನನ್ನನ್ನು ಕರೆಸಿ ಸ್ಟೂಲಿನ ಮೇಲೆ ಕೂಡಿಸಿದರು. ಆರೋಪ ಇರುವುದು ನಿನ್ನ ಅಣ್ಣನ ಮೇಲೆ ಎಂದು ತಿಳಿದಿದೆ, ಅದನ್ನು ಪ್ರಿನ್ಸಿಪಾಲರಿಗೂ ಪೊಲೀಸರಿಗೂ ಹೇಳಿದ್ದೇನೆ, ಇನ್ನೊಬ್ಬ ಲೆಕ್ಚರರ್ ಜೊತೆಗೆ ಕೂತು ನೋಡುತ್ತಾರೆ ಎಂದರು. ಈ ಕೆಲಸ ಮುಗಿಯುವವರೆಗೆ ನೀನು ಲ್ಯಾಬಿಗೆ ಕಾಲಿಡಬಾರದು ಎಂದರು. ಆಮೇಲೆ ಹೇಳಿದರು:

"ನೋಡವ್ವ, ಬಂದದ್ದು ಬಂದಂಗ ಹೇಳ್ತೀನಿ. ಅದು ನಿಮ್ಮ ಮನಿಗೆ ಚಲೋ ಇರಬಹುದು, ಇರದೇನೂ ಇರಬಹುದು. ಈಗಿಂದೇ ಮನಸು ಗಟ್ಟಿ ಮಾಡ್ಕೊ."

ಪರೀಕ್ಷೆಗೆ ಮುಂಚೆ ಅವರು ಗೋಗಿಗೆ ಬಂದಿದ್ದರು. ನಮ್ಮ ಮನೆಗೆ ಬರಲಿಲ್ಲ. ಶೇರ್ ಆಟೋದಿಂದ ಇಳಿದು, ಅದೇ ಬೂಟಿನಲ್ಲಿ ನೇರ ದೇವಮ್ಮನ ಮನೆಗೆ ನಡೆದರು. ಹೊಸ್ತಿಲ ಹೊರಗೆ ಬೂಟು ಬಿಚ್ಚಿಟ್ಟಿದ್ದನ್ನು ನಾನು ಓಣಿಯ ತುದಿಯಿಂದ ನೋಡಿದೆ. ಒಳಗೆ ಏನು ಮಾತಾಯಿತೆಂದು ಆಗ ನನಗೆ ತಿಳಿಯಲಿಲ್ಲ.

ಪರೀಕ್ಷೆಯ ದಿನ ಎಲ್ಲರೂ ಬಂದಿದ್ದರು. ಸಬ್‌ಇನ್ಸ್‌ಪೆಕ್ಟರ್, ಮಾಲಕರು, ವರ್ಕ್‌ಶಾಪಿನವರು, ದೇವಮ್ಮನ ಗಂಡ. ಅಣ್ಣ ಗೋಡೆಗೆ ಒರಗಿ ನಿಂತಿದ್ದ. ಅವ್ವನೂ ನಾನೂ ವರಾಂಡದಲ್ಲಿ, ತೆರೆದ ಬಾಗಿಲಿನ ಹೊರಗೆ. ಮಷಿನ್ನಿನ ಮುಚ್ಚಳದಲ್ಲಿ ಇದ್ದಂಥದೇ ದಪ್ಪದ ತಗಡು, ಅಂಥದೇ ಬಣ್ಣ ಬಳಿದದ್ದು, ಅದೇ ಅಳತೆಯ ಗಿಡ್ಡ ಬೋಲ್ಟು, ಅದೇ ಸ್ಪ್ರಿಂಗ್ ವಾಷರ್. ಇವು ನಿಮ್ಮವೇ ಹೌದೋ ಅಲ್ಲವೋ ಎಂದು ಮೇಡಂ ವರ್ಕ್‌ಶಾಪಿನವರನ್ನು ಕೇಳಿದರು. ಅವರು ಕೈಯಲ್ಲಿ ಹಿಡಿದು ನೋಡಿ ಹೌದೆಂದರು. ಹಾಗಾದರೆ ಬಿಗಿ ಮಾಡುವುದೂ ನೀವೇ ಮಾಡಿ, ನಿಮಗೆ ಸಾಕು ಅನ್ನಿಸುವಷ್ಟು ಮಾಡಿ ಎಂದು ಪಾನಾ ಅವರ ಕೈಗೆ ಕೊಟ್ಟರು. ಅವರು ತೋಳು ಮಡಚಿ ಬಿಗಿ ಮಾಡಿದರು. ಮೇಡಂ ನಟ್ಟಿನಿಂದ ತಗಡಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದರು. ನಟ್ಟು ತಿರುಗಿದರೆ ಆ ಗೆರೆ ತುಂಡಾಗಿ ಕಾಣಬೇಕು.

ಮೋಟಾರು ಹಚ್ಚಿದರು. ತೆರೆಯ ಮೇಲಿನ ಹಸಿರು ಗೆರೆ ಶುರುವಿನಲ್ಲೇ ತುಸು ಕುಸಿಯಿತು. ಅದು ತಗಡಿನ ಮೇಲಿನ ಬಣ್ಣ ಒತ್ತಿ ಹಿಂಡಿಹೋದದ್ದರಿಂದ ಎಂದು ಹೇಳಿದರು. ಆಮೇಲೆ ಗೆರೆ ನಿಧಾನಕ್ಕೆ ಇಳಿಯುತ್ತ ಹೋಯಿತು. ಚಹಾ ಬಂತು, ಯಾರೂ ಕುಡಿಯಲಿಲ್ಲ. ಬಿಳಿ ಗೆರೆ ತುಂಡಾಯಿತು. ನಟ್ಟಿನ ಮೇಲಿನ ಅರ್ಧ ಒಂದು ಕಡೆ, ತಗಡಿನ ಮೇಲಿನ ಅರ್ಧ ಒಂದು ಕಡೆ. ಎಷ್ಟೇ ಬಿಗಿ ಮಾಡಿದ್ದರೂ ಈ ಜೋಡಣೆ ಒಂದು ದಿನದ ರಾಶಿಯನ್ನು ತಾಳುವಂಥದಲ್ಲ ಎಂದು ಮೇಡಂ ಹೇಳಿದರು. ಅವ್ವ ನನ್ನ ಕೈಯನ್ನು ಹಿಚುಕಿ ಹಿಡಿದಳು. ಅಣ್ಣ ಕಣ್ಣು ಮುಚ್ಚಿಕೊಂಡ. ಅಣ್ಣ ಪಾರಾದ ಎಂದುಕೊಂಡೆ. ಸಬ್‌ಇನ್ಸ್‌ಪೆಕ್ಟರ್ ಏಳಲು ಹೋದರು.

"ಕುಂದ್ರ್ರಿ ಸರ್. ಇನ್ನಾ ಮುಗಿದಿಲ್ಲ" ಎಂದರು ಮೇಡಂ.

ಮೋಟಾರನ್ನು ಅವರು ನಿಲ್ಲಿಸಿರಲಿಲ್ಲ. ಸಡಿಲಾದ ತಗಡು ಈಗ ಬಡಿಯತೊಡಗಿತು. ಮೊದಲು ಸಣ್ಣಗೆ, ಆಮೇಲೆ ಕಿವಿ ಗುಂಯ್ಗುಡುವಂತೆ. ವರಾಂಡದ ಕಿಟಕಿಯ ಗಾಜು ಕೂಡ ನಡುಗಿತು. ನಟ್ಟು ಇನ್ನೂ ಬಿದ್ದಿರಲಿಲ್ಲ. ಹೊತ್ತು ಹೋಗುತ್ತಿತ್ತು, ಬಡಿತ ನಡೆದೇ ಇತ್ತು. ಯಾರಿಗೂ ಯಾರ ಮುಖ ನೋಡಲೂ ಆಗಲಿಲ್ಲ. ಕೊನೆಗೆ ನಟ್ಟು ಕಳಚಿ ಟ್ರೇಯಲ್ಲಿ ಬಿತ್ತು. ಆಗ ಮೋಟಾರು ಬಂದ್ ಮಾಡಿದರು.

"ಮುಚ್ಚಳ ಬೀಳೂಕಿಂತ ಮೊದಲ ಇಷ್ಟೊತ್ತು ಈ ಸಪ್ಪಳ ಬರ್ತದ. ಮಷಿನ್ನಿನ ಹತ್ರ ಇದ್ದವರಿಗೆ ಇದು ಕೇಳಸದೇ ಇರಾಂಗಿಲ್ಲ" ಎಂದರು. ಹೇಳುವಾಗ ಅಣ್ಣನ ಕಡೆ ನೋಡಲಿಲ್ಲ, ಮಾಲಕರ ಕಡೆಯೂ ನೋಡಲಿಲ್ಲ. ಬಿದ್ದ ನಟ್ಟನ್ನು ಎತ್ತಿ ಬಟ್ಟೆಯಿಂದ ಒರೆಸುತ್ತಿದ್ದರು.

ಅಣ್ಣ ಗೋಡೆ ಬಿಟ್ಟು ಮುಂದೆ ಬಂದ.

"ಕೇಳಿಸಿತ್ತರಿ" ಎಂದ. "ಮಧ್ಯಾಹ್ನ ಉಂಡು ಎದ್ದಾಗಿಂದ ಬರಾಕತ್ತಿತ್ತು. ಮಾಲಕರಿಗೆ ಹೇಳಿದ್ನಿ. ಇನ್ನ ಸ್ವಲ್ಪ ಉಳದದ, ಮುಗಸು, ನಾಳಿ ಬ್ಯಾರೆ ಹೊಲಕ್ಕ ಹೋಗಬೇಕು ಅಂದ್ರು. ಬಂದ್ ಮಾಡೂದು ನನ್ನ ಕೈಯಾಗಿತ್ತರಿ. ನಾ ಮಾಡಲಿಲ್ಲ."

ಮಾಲಕರು ಅದನ್ನು ಅಲ್ಲಗಳೆಯಲಿಲ್ಲ. ತಲೆ ತಗ್ಗಿಸಿ ಕೂತರು. ದೇವಮ್ಮನ ಗಂಡ ಎದ್ದು ಹೊರಗೆ ಹೋಗಿ ಗಿಡದ ಕೆಳಗೆ ಒಬ್ಬನೇ ನಿಂತ.

ಮರುದಿನ ನಾನು ಮೇಡಂ ಹತ್ತಿರ ಹೋದೆ. ಮನೆಯಲ್ಲಿ ಅವ್ವ ಒಲೆ ಹಚ್ಚಿರಲಿಲ್ಲ. ನಟ್ಟು ಸಡಿಲಾದಾಗಲೇ ಮೋಟಾರು ನಿಲ್ಲಿಸಿದ್ದರೆ ಅಣ್ಣ ಪಾರಾಗುತ್ತಿದ್ದನಲ್ಲ, ಪೊಲೀಸರು ಕೇಳಿದ್ದು ಬೋಲ್ಟು ಹೇಗೆ ಸಡಿಲಾಯಿತು ಎಂದಷ್ಟೇ ಅಲ್ಲವೇ ಎಂದು ಕೇಳಿದೆ. ಅವರು ನನ್ನನ್ನು ಗದರಲಿಲ್ಲ.

"ದೇವಮ್ಮ ನನಗ ಸಪ್ಪಳದ ಮಾತು ಹೇಳಿದ್ಲವ್ವ" ಎಂದರು. "ಅಕಿ ಕೈ ಹೋಗಿದ್ದು ಆ ಸಪ್ಪಳದಾಗ. ಅದನ್ನ ಅರ್ಧಕ್ಕ ಬಂದ್ ಮಾಡಿ ನಾ ಅಕಿ ಮುಂದ ಹೆಂಗ ಕುಂದ್ರಲಿ?"

ನಾನು ಅತ್ತೆ. ಅವರು ತಮ್ಮ ಡಬ್ಬಿಯ ರೊಟ್ಟಿಯನ್ನು ಅರ್ಧ ಮುರಿದು ಶೇಂಗಾ ಹಿಂಡಿ ಹಚ್ಚಿ ನನ್ನ ಮುಂದೆ ಇಟ್ಟರು. ಉಣ್ಣು ಎಂದು ಹೇಳಲಿಲ್ಲ. ಅತ್ತು ಮುಗಿದ ಮೇಲೆ ನಾನೇ ತಿಂದೆ.

ಕೇಸು ಬಹಳ ದಿನ ನಡೆಯಿತು. ಬೋಲ್ಟು ಬಿಗಿ ಮಾಡಿರಲಿಲ್ಲ ಎನ್ನುವ ಆರೋಪ ಅಣ್ಣನ ಮೇಲಿಂದ ಹೋಯಿತು. ಸಪ್ಪಳ ಕೇಳಿಯೂ ಮಷಿನ್ ನಿಲ್ಲಿಸದ ತಪ್ಪು ಅವನಿಗೂ ಮಾಲಕರಿಗೂ ಉಳಿಯಿತು. ಅವನು ಒಪ್ಪಿಕೊಂಡಿದ್ದರಿಂದ ಕೋರ್ಟು ಸಣ್ಣ ಶಿಕ್ಷೆಯಲ್ಲಿ ಬಿಟ್ಟಿತು. ದೇವಮ್ಮನಿಗೆ ಪರಿಹಾರ ಸಿಕ್ಕಿತು. ಕೈ ಹೋದದ್ದಕ್ಕೆ ಅದು ಸಾಟಿಯಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಲ್ಯಾಬಿನಿಂದ ಬಂದ ದಿನವೇ ಅಣ್ಣ ಅವಳ ಮನೆಯ ಮುಂದೆ ಹೋಗಿ ನಿಂತಿದ್ದ. ಬೈಯುತ್ತಾಳೆ ಎಂದುಕೊಂಡಿದ್ದನಂತೆ. ಅವಳು ಬಹಳ ಹೊತ್ತು ಅವನನ್ನು ನೋಡಿ, "ಬಂದೀಯಲ್ಲ, ಕುಂದ್ರು" ಎಂದಳಂತೆ. ಅಲ್ಲಿಂದ ಅವ್ವನೂ ಆ ಓಣಿಯಲ್ಲಿ ಹಾಯತೊಡಗಿದಳು. ಇದನ್ನೆಲ್ಲ ಮೇಡಂ ಬುದ್ಧಿ ಹೇಳಿ ಮಾಡಿಸಿದ್ದಲ್ಲ. ಆದರೆ ಅವರು ಮೋಟಾರು ಬೇಗ ನಿಲ್ಲಿಸಿದ್ದರೆ ನನ್ನ ಅಣ್ಣ ಜೀವಮಾನವಿಡೀ ಆ ಓಣಿ ತಪ್ಪಿಸಿಕೊಂಡು ತಿರುಗುತ್ತಿದ್ದ ಎನ್ನುವುದು ನನಗೆ ಈಗ ತಿಳಿಯುತ್ತದೆ.

ವರ್ಕ್‌ಶಾಪಿನವರು ಇನ್ನು ಈ ಕಡೆ ಮುಖ ಹಾಕುವುದಿಲ್ಲ ಎಂದುಕೊಂಡಿದ್ದೆವು. ಕೆಲವು ದಿನಗಳಲ್ಲಿ ಅವರೇ ಗಾಡಿಯಲ್ಲಿ ಒಂದು ಮುಚ್ಚಳ ಹಾಕಿಕೊಂಡು ಬಂದರು. ಏನು ಮಾಡಬೇಕು ಹೇಳ್ರಿ, ಮುಂದಿನ ಮಷಿನ್ನು ಹಾಗೇ ಮಾಡ್ತೀನಿ ಎಂದರು. ಅಂದಿನಿಂದ ಲ್ಯಾಬಿನಲ್ಲಿ ಕೆಲಸವೇ ಕೆಲಸ. ನನ್ನನ್ನೂ ಸೇರಿಸಿಕೊಂಡರು. ಗಿಡ್ಡ ಬೋಲ್ಟಿಗಿಂತ ಉದ್ದ ಬೋಲ್ಟು ಹೆಚ್ಚು ಹಿಗ್ಗುತ್ತದೆ, ಬಿಗಿಯನ್ನು ಹೆಚ್ಚು ಹೊತ್ತು ಉಳಿಸಿಕೊಳ್ಳುತ್ತದೆ. ಅದಕ್ಕಾಗಿ ನಡುವೆ ಪೈಪಿನ ತುಂಡು ಕೊಟ್ಟು ಉದ್ದದ್ದು ಹಾಕಿದೆವು. ನಟ್ಟು ಕೂಡುವ ಜಾಗದಲ್ಲಿ ಬಣ್ಣ ತೆಗೆಸಿದೆವು. ಒಳಗೆ ನೈಲಾನ್ ಉಂಗುರ ಇರುವ ನಟ್ಟು ಹಾಕಿ ಓಡಿಸಿದಾಗ ಗೆರೆ ಇಳಿಯದೆ ನಿಂತಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಮುಂದಿನ ರಾಶಿಯ ಕಾಲದಲ್ಲಿ ಆ ನಟ್ಟುಗಳೇ ಹೊಲದಲ್ಲಿ ಸಡಿಲಾದವು. ಯಾರಿಗೂ ಏನೂ ಆಗಲಿಲ್ಲ, ಸಪ್ಪಳ ಕೇಳಿದ ಕೂಡಲೇ ಮಷಿನ್ ನಿಲ್ಲಿಸಿದ್ದರು. ಮೇಡಂ ಬಳಿಚಕ್ರದ ಹತ್ತಿರದ ಹೊಲಕ್ಕೆ ನಮ್ಮನ್ನು ಕರೆದುಕೊಂಡು ಹೋಗಿ, ದಿನವಿಡೀ ಕಣದ ಅಂಚಿನಲ್ಲಿ ಕೂತು ನೋಡಿದರು. ಬೆಲ್ಟಿಗೆ ಸಿಕ್ಕ ಕಸ ತೆಗೆಯಲು ಮುಚ್ಚಳವನ್ನು ಆಗಾಗ ಬಿಚ್ಚುತ್ತಿದ್ದರು, ಅದೇ ನಟ್ಟನ್ನು ತಿರುಗಿ ಹಾಕುತ್ತಿದ್ದರು. ಬಿಚ್ಚಿದಷ್ಟೂ ನೈಲಾನು ಸವೆದು ಹಿಡಿತ ಕಳೆದುಕೊಳ್ಳುತ್ತಿತ್ತು.

"ನಾ ನಟ್ಟು ನೋಡಿದ್ನಿ. ಅದನ್ನ ದಿನಾ ಬಿಚ್ಚೂ ಕೈ ನೋಡಲಿಲ್ಲ" ಎಂದರು, ನಮ್ಮೆಲ್ಲರ ಮುಂದೆ, ವರ್ಕ್‌ಶಾಪಿನವರ ಮುಂದೆ. ತಿರುಗಿ ಬಂದು ಮೊದಲಿಂದ ಶುರು ಮಾಡಿದರು. ಕೊನೆಗೆ ನಿಂತದ್ದು, ಬಿಚ್ಚುವ ಅಗತ್ಯವೇ ಬೀಳದಂತೆ ಕಸ ತೆಗೆಯಲು ಜಾಗ ಬಿಟ್ಟ, ಒಂದು ಕಡೆ ಬಾಗಿಲಿನಂತೆ ಕೀಲಿಗೆ ತೂಗುಬಿದ್ದ ಮುಚ್ಚಳ. ಬೋಲ್ಟು ಪೂರಾ ಬಿದ್ದರೂ ಅದು ಬೆಲ್ಟನ್ನು ಬಿಟ್ಟು ಹೋಗುವುದಿಲ್ಲ. ಈಗ ನಮ್ಮ ಕಡೆಯ ಹೊಲಗಳಲ್ಲಿ ಆ ಮಾದರಿಯ ಮಷಿನ್ನುಗಳು ಓಡಾಡುತ್ತವೆ. ಅದರ ಮೇಲೆ ಅವರ ಹೆಸರಿಲ್ಲ. ಹಾಕಿಸುತ್ತೇನೆ ಎಂದು ವರ್ಕ್‌ಶಾಪಿನವರು ಹೇಳಿದಾಗ, ಆ ಜಾಗದಲ್ಲಿ ಸಪ್ಪಳ ಬಂದರೆ ನಿಲ್ಲಿಸು ಎಂದು ಬರೆಸ್ರಿ ಎಂದರು. ಹಾಗೆಯೇ ಬರೆಸಿದ್ದಾರೆ.

ಓದು ಮುಗಿದ ಮೇಲೆ ನಾನು ಮತ್ತೆ ಅದೇ ಲ್ಯಾಬಿಗೆ ಇನ್‌ಸ್ಟ್ರಕ್ಟರ್ ಆಗಿ ಬಂದೆ. ಅಷ್ಟರಲ್ಲಿ ಅವರ ಮೂತ್ರಪಿಂಡ ಕೈಕೊಟ್ಟಿತ್ತು. ಯಾದಗಿರಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಂಡು, ಮರುದಿನ ಬಸ್ಸು ಹತ್ತಿ ಪಾಠಕ್ಕೆ ಬರುತ್ತಿದ್ದರು. ಕಾಲು ಊದಿ ಬೂಟು ಹಿಡಿಸದಾದಾಗ ಚಪ್ಪಲಿಯಲ್ಲಿ ಬಂದು, ಯಂತ್ರದಿಂದ ದೂರ ಕುರ್ಚಿ ಹಾಕಿಸಿಕೊಂಡು ಕೂತರು. ಬೂಟಿಲ್ಲದವರು ಯಂತ್ರದ ಹತ್ತಿರ ಹೋಗಬಾರದೆಂಬ ಲ್ಯಾಬಿನ ನಿಯಮ ತಮಗೂ ಅನ್ವಯಿಸುತ್ತದೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೊಸ ಹುಡುಗರ ಮುಂದೆ ಮೋಟಾರು ಹಚ್ಚುವ ಕೆಲಸ ನನ್ನದಾಯಿತು. ಒಮ್ಮೆ ಮಕ್ಕಳು ಹೋದ ಮೇಲೆ, ಭಯ ಆಗುತ್ತದೆಯೇ ಎಂದು ನಾನು ಕೇಳಿಬಿಟ್ಟೆ. ಆಗ್ತದವ್ವ ಎಂದರು. ಮತ್ತೆ, ನಾಳೆಯ ತರಗತಿಗೆ ಯಾವ ಬೋಲ್ಟು ತೆಗೆದಿಟ್ಟಿದ್ದಿ ಎಂದು ಕೇಳಿದರು.

ಅವರು ಹೋದದ್ದು ಬೇಸಿಗೆಯ ಕೊನೆಗೆ. ಬಳಿಚಕ್ರದಲ್ಲಿ, ಅವರ ತಂದೆಯ ಮಣ್ಣಿನ ಪಕ್ಕದಲ್ಲಿ ಮಣ್ಣು ಮಾಡಿದರು. ಬಿಳಿ ಸೀರೆ ಉಟ್ಟ ಹೆಂಗಸರು ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ ತ್ರಿಸರಣದ ಪ್ರಾರ್ಥನೆ ಹೇಳಿದರು. ಕಾಲೇಜಿನವರು, ವರ್ಕ್‌ಶಾಪಿನವರು, ಹಳೆಯ ಹುಡುಗರು ಬಂದಿದ್ದರು. ಗೋಗಿಯಿಂದ ನಾನು, ಅಣ್ಣ, ಅವ್ವ, ದೇವಮ್ಮ ಕೂಡಿ ಬಂದಿದ್ದೆವು. ದೇವಮ್ಮನನ್ನು ಕರೆದವರು ನಾವಲ್ಲ. ಸುದ್ದಿ ಕೇಳಿ ತಾನೇ ಬಸ್‌ಸ್ಟ್ಯಾಂಡಿಗೆ ಬಂದು ನಿಂತಿದ್ದಳು.

ನನಗೆ ಅವರಿಂದ ಬಂದದ್ದು ಕೆಲಸವೊಂದೇ ಅಲ್ಲ. ನನ್ನ ಅಣ್ಣನನ್ನು ಸುಳ್ಳು ಆರೋಪದಿಂದ ಬಿಡಿಸಿದವರೂ ಅವರೇ, ನಿಜವಾದ ತಪ್ಪಿನಿಂದ ತಪ್ಪಿಸಿಕೊಳ್ಳಲು ಬಿಡದವರೂ ಅವರೇ. ಎರಡಕ್ಕೂ ನಾನು ಋಣಿ. ಎರಡನೆಯದಕ್ಕೆ ಹೆಚ್ಚು.

ಎಲ್ಲ ಮುಗಿದ ಮೇಲೆ ಮನೆಯ ಮುಂದಿನ ಚಪ್ಪರದ ಕೆಳಗೆ ಮೇಡಂ ಅವರ ಯಜಮಾನರು ಚಾಪೆಯ ಮೇಲೆ ಒಬ್ಬರೇ ಕೂತಿದ್ದರು. ಅವರು ಯಾದಗಿರಿಯಲ್ಲಿ ಶಾಲೆಯ ಮಾಸ್ತರರು, ಮಾತು ಕಡಿಮೆಯ ಮನುಷ್ಯ. ದೇವಮ್ಮ ಹೋಗಿ ಅವರ ಎದುರು ನಿಂತಳು. ಅವರು ತಲೆ ಎತ್ತಿ ನೋಡಿ, "ನೀವು ಅವರಿಗೆ ಏನಾಗಬೇಕ್ರಿ?" ಎಂದು ಕೇಳಿದರು.

"ಏನೂ ಆಗಬೇಕಿಲ್ರಿ" ಎಂದಳು ದೇವಮ್ಮ. "ನನ್ನ ಕೈ ಹೋದಾಗ ಊರೆಲ್ಲ ಬಂದು ಪಾಪ ಅಂದು ಹೋತ್ರಿ. ಇವರೊಬ್ರು ಬಂದು, ಹೆಂಗಾತು ಅಂತ ಕೇಳಿ, ನಾ ಹೇಳಿ ಮುಗಿಸೂ ತನಕ ಕುಂತಿದ್ರು."

ಮಾಸ್ತರರು ಚಾಪೆಯ ಮೇಲೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟರು.